ಕಾಟಾ ಸೊನ್ನಿ ತೋರಿಸಿದ ದಿನ

ಬಿದರಕಟ್ಟಿ, ತಾ॥ ಜಮಖಂಡಿ
ರವಿವಾರ, ೧೫ ಡಿಸೆಂಬರ್ ೨೦೨೪

ಪ್ರೀತಿಯ ಅಪ್ಪಾ,

ನಿನ್ನ ಹಿರೇ ಮಗಳು ದಾನೇಶ್ವರಿ ಇಲ್ಲಿಂದನ ನಿನ್ನ ಕಾಲ ಮುಟ್ಟಿ ಈ ಕಾಗದ ಬರಿಯಾಕತ್ತೇನಿ. ಕಣ್ಣಿನ ಪಟ್ಟಿ ಬಿಚ್ಚಿದ್ರೇನು? ಬೋರಲ ಮಲಗಬೇಕು ಅಂತ ಡಾಕ್ಟರ್ ಹೇಳ್ಯಾರಂತ, ನೀ ಹಂಗ ಮಲಗಾಕತ್ತೀಯೋ, ನರ್ಸಬಾಯಿ ಆಕಡೆ ಹೋದ ಕೂಡಲೆ ಎದ್ದು ಕುಂಡ್ರಾಕತ್ತೀಯೋ? ನಿನ್ನ ಹಂತೇಕ ಇರೂ ತಂಗಿ ಕಾವ್ಯಾ ಸುಳ್ಳು ಹೇಳೂದಿಲ್ಲ ಅಂತ ಗೊತ್ತೈತಿ, ಆದ್ರ ನೀ ಆಕಿ ಬಾಯಿ ಕಟ್ಟಿರ್ತಿ ಅನ್ನೂದೂ ಗೊತ್ತೈತಿ. ಮಿರಜದ ದವಾಖಾನಿ ಊಟ ಸೇರೂದಿಲ್ಲ ಅಂದಿದ್ದಿಯಲ್ಲ, ಅದಕ್ಕ ಅವ್ವ ಖಡಕ್ ರೊಟ್ಟಿ, ಅಗಸಿ ಹಿಂಡಿ, ಒಂದು ಡಬ್ಬಿ ಶೇಂಗಾದ ಹೋಳಿಗಿ ಕಟ್ಟಿ ಕೊಟ್ಟಾಳ. ಹೋಳಿಗಿ ಎಣಿಸಿ ಇಟ್ಟಾಳ, ಕಾವ್ಯಾಗ ಹೇಳು. ಇಲ್ಲಿ ಅವ್ವನ ಮೊಣಕಾಲು ಹಂಗ ಐತಿ, ನಿಮ್ಮ ಅಳಿಯಾರು ಆರಾಮ ಅದಾರ, ಕರಿ ಆಕಳು ಗಬ್ಬ ನಿಂತೈತಿ.

ಇದನ್ನೆಲ್ಲಾ ಫೋನಿನ್ಯಾಗ ಯಾಕ ಹೇಳಲಿಲ್ಲ ಅಂತಿ. ನಿನಗ ಕಿವಿ ಮಂದ ಅಪ್ಪಾ. ನಾ ಇಲ್ಲಿ ನಿನಗ ಕೇಳೂಹಂಗ ಒದರಿದ್ರ ಊರ ಅಗಸಿ ಬಾಗಲತನಕ ಕೇಳತೈತಿ, ಮತ್ತ ಈ ವಾರ ನಮ್ಮೂರಾಗ ಎಲ್ಲಾ ಗ್ವಾಡಿಗೂ ಕಿವಿ ಬಂದಾವ. ಅದಕ್ಕ ಕಾಗದ. ಪರಸಪ್ಪ ನಾಳಿ ತನ್ನ ಮಗಳನ್ನ ನೋಡಾಕ ಮಿರಜಕ್ಕ ಹೊಂಟಾನ, ಅವನ ಕೈಯಾಗ ಕೊಡತೇನಿ. ಲಕೋಟಿ ಅಂಟಿಸಿ, ಅಂಟಿಸಿದಲ್ಲೆ ಅಡ್ಡ ಸಹಿ ಹಾಕತೇನಿ. ಪರಸಪ್ಪನ ಮ್ಯಾಲ ಸಂಶಯ ಅಂತಲ್ಲ, ಆದ್ರ ಬಸ್ಸಿನ್ಯಾಗ ಹೊತ್ತು ಹೋಗದ ಮನಿಶ್ಯಾ ಏನು ಮಾಡ್ಯಾನು ಅಂತ ಹೇಳಾಕ ಬರೂದಿಲ್ಲ. ಕಾವ್ಯಾ, ನೀ ಅಪ್ಪನ ಕಿವಿ ಹಂತೇಕ ಕುಂತು ಸಾವಕಾಶ ಓದು, ಬಾಜೂ ಹಾಸಗಿ ಮಂದಿಗೆ ಕೇಳಬಾರದು. ನಡುವ ನಿನ್ನ ಸಂಬಂಧದ ಮಾತು ಬರತಾವ. ಅಲ್ಲಿ ನಿಲ್ಲಬ್ಯಾಡ, ಬಿಟ್ಟೂ ಓದಬ್ಯಾಡ.

ಅಪ್ಪಾ, ನೀ ಮಿರಜಕ್ಕ ಹೋದ ಮ್ಯಾಲ ರವಿವಾರ ಒಂದು ಸುದ್ದಿ ಬಂತು. ತೂಕ-ಅಳತಿ ಸಾಹೇಬ್ರು ಶುಕ್ರವಾರ ಬರ್ತಾರ, ಒಂದ ಟ್ರ್ಯಾಕ್ಟರ್ ಕಬ್ಬು ನಮ್ಮ ರೈತರ ಸಂಘದ ತೂಕದ ಕಾಟಾದ ಮ್ಯಾಲ ತೂಗಸ್ತಾರ, ಅದನ್ನ ತಮ್ಮ ಕಣ್ಣ ಮುಂದನ ಸಕ್ಕರಿ ಕಾರ್ಖಾನಿ ಕಾಟಾಕ್ಕ ಒಯ್ದು ತೂಗಿ ನೋಡ್ತಾರ ಅಂತ. ಕಾರ್ಖಾನ್ಯಾವರು ತೂಕ ಹೊಡಿತಾರ ಅಂತ ಎಷ್ಟು ವರ್ಷದಿಂದ ಅರ್ಜಿ ಕೊಟ್ಟೀರಿ ನೀವು. ಗೂಳಪ್ಪ ಕಾಕಾ ಸಂಘದ ಅಧ್ಯಕ್ಷ ಆದಾಗಿಂದ ಅಷ್ಟು ಖುಷಿಯಾಗಿದ್ದು ನಾ ನೋಡಿದ್ದಿಲ್ಲ. ಸರಕಾರದ ದಾರಿ ನೋಡದ ಚಿಕ್ಕಪಡಸಲಗಿ ಬ್ಯಾರೇಜಿಗೆ ಕಲ್ಲು ಹೊತ್ತು ಕಟ್ಟಿದ ರೈತ ಮಂದಿ ನಾವು, ನಮ್ಮ ಕಾಟಾ ಏನು ಸುಳ್ಳು ಹೇಳತೈತಿ ಅಂತ ಚಹಾದಂಗಡ್ಯಾಗ ಎಲ್ಲಾರ ಮುಂದ ಅಂದ್ನಂತ.

ಮರದಿನ ಸೋಮವಾರ ಪರಮಾನಂದ ಬಂದ. ಅವ್ವನ ತಮ್ಮನ ಮಗ, ನಮ್ಮ ಕಾವ್ಯಾನ ಜೋಡಿ ನಿಶ್ಚಯ ಆದ ಹುಡುಗ, ಮುಧೋಳದಿಂದ ಯಾವಾಗ ಬಂದ್ರೂ ಅವ್ವನ ಕೈಯಾಗಿನ ರೊಟ್ಟಿ ತಿನ್ನದ ಹೋಗಾಂವ ಅಲ್ಲ. ಅವತ್ತ ಸೀದಾ ನಾ ಕುಂತು ತೂಕದ ಚೀಟಿ ಕೊಡೂ ಕಾಟಾದ ಖೋಲಿಗೆ ಬಂದ. ಚಹಾ ತರಸಿದ್ರ ಅರ್ಧಾ ಕುಡದು ಇಟ್ಟ. ಹೊರಗ ನಾಕು ಟ್ರ್ಯಾಕ್ಟರ್ ನಿಂತಿದ್ದು, ಮಂದಿ ಒಳಗ ಹೊರಗ ಅಡ್ಡಾಡಾಕತ್ತಿದ್ರು, ಅಂವ ಅವರ ಮಾರಿ ನೋಡಾಂವ, ನನ್ನ ಮಾರಿ ನೋಡಾಂವ, ಏನೋ ಹೇಳಾಕ ಬಾಯಿ ತಗಿಯಾಂವ, ಮತ್ತ ಮುಚ್ಚಾಂವ. ನಾ ಟ್ರ್ಯಾಕ್ಟರಿನ ಡಬ್ಬಿ ಸರಿಯಾಗಿ ಕಾಟಾದ ಹಲಗಿ ಮ್ಯಾಲ ನಿಂತೈತೋ ಇಲ್ಲೋ ನೋಡಾಕ ಹೊರಗ ಹೋಗಿ ಬರೂದರಾಗ ಕಂಪ್ಯೂಟರ್ ಮುಂದ ಕುಂತಿದ್ದ. ಕರೀ ಪರದೆ ಮ್ಯಾಲ ಬಿಳೀ ಅಕ್ಷರ ಓಡಾಕತ್ತಿದ್ದು. ನಾ ಒಳಗ ಬಂದ ಕೂಡಲೆ ಅದನ್ನ ಮುಚ್ಚಿದ. ಹೊಂಟಾಗ ಇಷ್ಟ ಅಂದ, “ದಾನಕ್ಕಾ, ಈ ಮಿಶನ್ ಬಂದ್ ಮಾಡಬ್ಯಾಡ. ರವಿವಾರ ಲೋಡ್ ಇರೂದಿಲ್ಲ, ಅವತ್ತ ಬಂದು ಒಂದು ಕೆಲಸ ಮಾಡೂದೈತಿ.” ಏನ ಕೆಲಸ ಅಂದ್ರ, ರವಿವಾರ ಹೇಳತೇನಿ ಅಂದ.

ನಿನಗ ಗೊತ್ತೈತಿ, ಆ ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲಿ ಲಿನಕ್ಸ್ ಹಾಕಿ ಕೊಟ್ಟಾಂವ ಅಂವನ. ರೊಕ್ಕ ಕೊಡೂದು ಬ್ಯಾಡ, ವೈರಸ್ಸಿನ ಕಾಟ ಇಲ್ಲ, ನಮ್ಮಂಥ ಸಂಘಕ್ಕ ಇದ ಛಲೋ ಅಂದಿದ್ದ. ಆದ್ರ ಈ ಹಂಗಾಮಿನಿಂದ ಅಂವ ಕಾರ್ಖಾನಿ ಕಾಟಾದಾಗ ಕೆಲಸಕ್ಕ ಸೇರ್ಯಾನ. ನಮ್ಮ ಕಾಟಾ ಕಟ್ಟಿದಾಂವ ಅವರ ಕಾಟಾದಾಗ ಪಗಾರ ತಗೊಳ್ಳಾಕತ್ತಾನ. ಪಗಾರ ಎಷ್ಟಾದ್ರೂ ಇರಲಿ, ನನಗ ಅದು ಮೊದಲಿಂದನೂ ಗಂಟಲದಾಗಿನ ಮುಳ್ಳು. ನಿಶ್ಚಯದ ದಿನ ನಿನ್ನ ಕಿವ್ಯಾಗ ಹೇಳಿದ್ದೆ, ನೀ ಕೇಳಿಸಿಲ್ಲ ಅನ್ನೂಹಂಗ ನಕ್ಕಿ.

ಗುರುವಾರ ಮುಂಜಾನಿ ಕರೆಂಟ್ ಹೋಗಿತ್ತು. ಬ್ಯಾಟರಿನೂ ಖಾಲಿ. ನಾ ಬಂದಾಗ ಕಂಪ್ಯೂಟರ್ ಸತ್ತಂಗ ಕುಂತಿತ್ತು. ಕರೆಂಟ್ ಬಂತು, ಚಾಲೂ ಮಾಡಿದೆ. ಹಣಮಪ್ಪನ ಟ್ರ್ಯಾಕ್ಟರ್ ಹಲಗಿ ಮ್ಯಾಲ ಬಂತು. ಗ್ವಾಡಿ ಮ್ಯಾಲಿನ ಸಣ್ಣ ಪೆಟಗ್ಯಾಗ ತೂಕದ ಕೆಂಪ ಅಂಕಿ ಸರಿಯಾಗಿ ಬಿದ್ದುವು, ಆದ್ರ ಕಂಪ್ಯೂಟರಿನ್ಯಾಗ ಸೊನ್ನಿ. ಚೀಟಿ ಒತ್ತಿದ್ರ ಚೀಟಿ ಮ್ಯಾಲೂ ಸೊನ್ನಿ. ವೈರ್ ಬಿಚ್ಚಿ ಹಾಕಿದೆ, ಮತ್ತ ಚಾಲೂ ಮಾಡಿದೆ, ಮತ್ತ ಸೊನ್ನಿ. ಪರದೆ ಮ್ಯಾಲ ಒಂದ ಸಾಲು ಇತ್ತು, ಕಾಟಾದ ವೈರ್ ಕೂಡೂ ಕಾರ್ಡಿಗೆ ಬೇಕಾದ ಡ್ರೈವರ್ ಮಾಡ್ಯೂಲ್ ಸಿಗಲಿಲ್ಲ ಅಂತ. ನಾ ಅದನ್ನ ಓದಿ, ಡ್ರೈವರ್ ಇಲ್ಲಂತ ಅಂದೆ. ಕಿಡಕ್ಯಾಗಿಂದ ಹಣಮಪ್ಪ, “ನಾ ಇಲ್ಲೇ ಅದೇನಲ್ಲ ಬೇ, ಟ್ರ್ಯಾಕ್ಟರ್ ಬಿಟ್ಟು ಎಲ್ಲಿ ಹೋಗಲಿ” ಅಂದ. ಬ್ಯಾರೆ ದಿನ ಆಗಿದ್ರ ನಗತಿದ್ದೆ.

ಅಪ್ಪಾ, ಕೈಲೆ ಚೀಟಿ ಬರದು ಕೊಟ್ಟಿದ್ರ ಅವತ್ತಿನ ಕೆಲಸ ಸಾಗತಿತ್ತು ಅಂತಿ. ಸಾಗೂದಿಲ್ಲ. ಛಾಪಿಸಿದ ಚೀಟಿ ಇದ್ರ ಇಷ್ಟ ಸಾಹೇಬ್ರು ಲೆಕ್ಕಕ್ಕ ತಗೊಳ್ತಾರ, ಮರದಿನಾನ ಅವರು ಬರೂದು. ಅದರಾಗ ನಮ್ಮ ಮಂದಿ ಕಣ್ಣಿಗೆ ಒಂದ ಖೋಲ್ಯಾಗ ಎರಡು ತೂಕ ಕಾಣಾಕತ್ತಿದ್ದು, ಪೆಟಗ್ಯಾಗ ಒಂದು, ಕಂಪ್ಯೂಟರಿನ್ಯಾಗ ಒಂದು. ಯಾವುದು ಖರೆ ಅಂತ ಒಬ್ಬಾಂವ ಕೇಳಿದ. ಹಂಗಾರ ಇಷ್ಟ ದಿನ ಕೊಟ್ಟ ಚೀಟಿ ಖರೆ ಅಂತ ಹೆಂಗ ಹೇಳೂದು ಅಂತ ಇನ್ನೊಬ್ಬಾಂವ. ಕಾರ್ಖಾನಿ ಮ್ಯಾಲ ಇದ್ದ ಸಂಶಯ ಒಂದ ತಾಸಿನ್ಯಾಗ ಹೊಳ್ಳಿ ನಮ್ಮ ಖೋಲಿಗೆ ಬಂದು ಕುಂತಿತು.

ಗೂಳಪ್ಪ ಕಾಕಾ ಬಂದಾಂವನ ಕೇಳಿದ್ದು, ಈ ಮಿಶನ್ನಿಗೆ ಯಾರ್ ಯಾರು ಕೈ ಹಚ್ಚೀರಿ ಅಂತ. ಪರಮಾನಂದನ ಹೆಸರು ಹೇಳಿದ್ರ ಕಾವ್ಯಾನ ಬಾಳೇ ಹಾಳಾದೀತು, ಹೇಳದಿದ್ರ ನಾನ ಕಳ್ಳಿ ಆಗತೇನಿ. ಹಣಮಪ್ಪನ ಹೇಳಿದ, ಸೋಮವಾರ ಪರಮಾನಂದನ ಗಾಡಿ ಇಲ್ಲಿ ನಿಂತಿತ್ತಲ್ಲ ಅಂತ. ಕಾಕಾ ನನ್ನ ಮಾರೀನ ನೋಡಿಕೋತ ಅಂದ, “ಸಾಹೇಬ್ರು ಬರ್ತಾರ ಅಂದ ಮರದಿನ ಅಂವ ಬರ್ತಾನ. ಸಾಹೇಬ್ರು ಬರೂ ಮುನ್ನಾದಿನ ಕಾಟಾ ನಿಲ್ಲತೈತಿ. ದಾನೇಶ್ವರಿ, ನಿಮ್ಮ ಅಳಿಯ ಆಗಾಂವ ಉಣ್ಣೂ ಮನಿ ಕಡೆನೋ, ಪಗಾರದ ಮನಿ ಕಡೆನೋ?” ನನ್ನ ಹೊಟ್ಟ್ಯಾಗೂ ಅದ ಪ್ರಶ್ನೆ ಇತ್ತು.

ಅಷ್ಟರಾಗ ಪರಮಾನಂದನ ಫೋನ್ ಬಂತು. ಯಾರೋ ಅವನಿಗೆ ಸುದ್ದಿ ಮುಟ್ಟಿಸಿದ್ರು. ನಾ ಒಂದ ಮಾತೂ ಹೇಳದ ಮೊದಲ ಅಂವ, “ಅಕ್ಕಾ, ಬಂದ್ ಆಗಿ ಚಾಲೂ ಆತಲ್ಲ? ಡ್ರೈವರ್ ಸಿಗವಲ್ದು ಅಲ್ಲ? ಚಾಲೂ ಆಗೂ ಮುಂದ ಒಂದು ಪಟ್ಟಿ ಬರೂಹಂಗ ಮಾಡು, ಅದರಾಗ ಹಳೇ ಕರ್ನಲ್ ಆರಿಸು” ಅಂದ. ಕಂಡಿಲ್ಲ, ಕೇಳಿಲ್ಲ, ಮುಧೋಳದಾಗ ಕುಂತು ರೋಗಾನೂ ಹೇಳಿದ, ಮದ್ದೂ ಹೇಳಿದ. ಇಟ್ಟಾಂವಗ ಗೊತ್ತಿರತೈತಿ ಗಂಟು ಎಲ್ಲೈತಿ ಅಂತ. ನಾ ಫೋನ್ ಕಟ್ ಮಾಡಿದೆ. ಆಮ್ಯಾಲೂ ಬಂತು, ಎತ್ತಲಿಲ್ಲ. ಅಂವ ಹೇಳಿದ್ದು ಮಾಡಿ ಇದ್ದದ್ದೂ ಹೋದ್ರ ಏನ ಮಾಡೂದು.

ಕಾಕಾ ಖೋಲಿ ಕೀಲಿ ಕೇಳಿದ. ಸಂಜಿತನಕ ಟೈಮ್ ಕೊಡು, ಸರಿ ಮಾಡಿಸಿ ತರತೇನಿ, ಇಲ್ಲಂದ್ರ ಕೀಲಿ ನಿನ್ನ ಕೈಯಾಗ ಇಡತೇನಿ ಅಂದೆ. ಕಂಪ್ಯೂಟರ್ ಪೆಟಗಿ ಕೌದ್ಯಾಗ ಸುತ್ತಿ, ನಿಮ್ಮ ಅಳಿಯಾರ ಗಾಡಿ ಹಿಂದ ತೊಡಿ ಮ್ಯಾಲ ಇಟಗೊಂಡು ಜಮಖಂಡಿಗೆ ಹ್ವಾದೆ. ಮೊದಲ ಒಂದು ಅಂಗಡಿಗೆ ಒಯ್ದೆ. ಆ ಮನಿಶ್ಯಾ ಮುಚ್ಚಳ ಬಿಚ್ಚದನ, ಲಿನಕ್ಸ್ ತಗದು ಒಗೀರಿ, ವಿಂಡೋಸ್ ಹಾಕತೇನಿ, ಪೆಟಗಿ ಇಲ್ಲೇ ಬಿಟ್ಟು ಸೋಮವಾರ ಬರ್ರಿ ಅಂದ. ಇಡೀ ಸಂಘದ ತೂಕ ಅದರಾಗ ಐತಿ, ಬಿಟ್ಟು ಹೆಂಗ ಬರೂದು. ಅವನ ಹಿಂದಿನ ಗ್ವಾಡಿ ಮ್ಯಾಲ ಕಾರ್ಖಾನಿ ಕ್ಯಾಲೆಂಡರ್ ಬ್ಯಾರೆ ತೂಗಬಿಟ್ಟಿತ್ತು. ಕೌದಿ ಸುತ್ತಿಕೊಂಡು ಎದ್ದು ಬಂದೆ. ಕ್ಯಾಲೆಂಡರ್ ಎಲ್ಲಾರ ಮನ್ಯಾಗೂ ಇರತಾವ ಅಂತ ನಿಮ್ಮ ಅಳಿಯಾರು ದಾರ್‍ಯಾಗ ಅಂದ್ರು. ಇರಲಿ.

ಆಮ್ಯಾಲ ಯಶೋಧರಾ ಟೀಚರ್ ನೆನಪಾದ್ರು. ಕಾಲೇಜಿನ್ಯಾಗ ನಮಗ ಕಂಪ್ಯೂಟರ್ ಕಲಿಸಿದವರು, ಈಗ ಅಲ್ಲೇ ಪಾಲಿಟೆಕ್ನಿಕ್ಕಿನ್ಯಾಗ ಅದಾರ. ಅವರ ಮನಿ ಊಟದ ಟೇಬಲ್ ಮ್ಯಾಲ ಪೆಟಗಿ ಇಟ್ಟು ಚಾಲೂ ಮಾಡಿದ್ವಿ. ನಾ ನಡದದ್ದೆಲ್ಲಾ ಹೇಳಿ, ಯಾರು ಅಳಸ್ಯಾರ ಅನ್ನೂದು ಹುಡುಕಿ ಕೊಡ್ರಿ ಟೀಚರ್, ಸರಿ ಮಾಡೂದು ಆಮ್ಯಾಲ ಅಂದೆ. ಅವರು ಬಟಾಟಿ ಹೆಚ್ಚಿಕೋತನ ನೋಡಿದ್ರು. ಸ್ವಲ್ಪ ಹೊತ್ತಿಗೆ, ಇದಕ್ಕ ನೆಟ್ ಯಾವಾಗ ಹಾಕ್ಸೀರಿ ಅಂತ ಕೇಳಿದ್ರು. ಹೋದ ತಿಂಗಳು, ತೂಕದ ಸುದ್ದಿ ರೈತರ ಮೊಬೈಲಿಗೆ ಹೋಗಲಿ ಅಂತ ಗೂಳಪ್ಪ ಕಾಕಾನ ನೆಟ್ ಹಾಕಿಸಿದ್ದ. ಆಗ ಟೀಚರ್ ಚಾಕು ಕೆಳಗಿಟ್ಟು ಹೇಳಿದ್ರು.

ನೀ ಕೇಳಿಸಿಕೊಂಡ್ರ ನಿನಗೂ ತಿಳೀತೈತಿ ಅಪ್ಪಾ, ಅವರು ಅಷ್ಟು ಬಿಡಿಸಿ ಹೇಳಿದ್ರು. ಕರ್ನಲ್ ಅಂದ್ರ ಆ ಕಂಪ್ಯೂಟರಿನ ತಿರುಳು, ಎಲ್ಲಾ ಅದರ ಮಾತಿನ್ಯಾಗ ನಡೀತೈತಿ. ಕಾಟಾದಿಂದ ಬರೂ ತೂಕ ಅದಕ್ಕ ತಿಳಿಬೇಕಂದ್ರ ನಡುವ ಒಂದು ಸಣ್ಣ ತುಂಡು ಬೇಕು, ಅದಕ್ಕ ಡ್ರೈವರ್ ಮಾಡ್ಯೂಲ್ ಅಂತಾರ. ನಮ್ಮ ಕಾರ್ಡು ಅಪರೂಪದ್ದು, ಅದರ ಡ್ರೈವರ್ ಲಿನಕ್ಸಿನ ಜೋಡಿ ಬರೂದಿಲ್ಲ, ಪರಮಾನಂದ ಕೈಲೆ ಕಟ್ಟಿ ಕುಂಡ್ರಿಸಿದ್ದು. ನೆಟ್ ಬಂದ ಮ್ಯಾಲ ಕಂಪ್ಯೂಟರ್ ತನ್ನಷ್ಟಕ್ಕ ತಾನ ಹೊಸಾ ಕರ್ನಲ್ ತಂದು ಬಾಜೂಕ ಇಟಗೊಂಡೈತಿ. ಬಂದ್ ಆಗಿ ಚಾಲೂ ಆಗೂತನಕ ಹಳೇದರಾಗ ನಡದಿತ್ತು. ಕರೆಂಟ್ ಹೋಗಿ ಬಂದಾಗ ಹೊಸಾದಕ್ಕ ಹಾರಿತು. “ಹೊಸಾ ಮನಿಗೆ ಒಕ್ಕಲು ಹೋದ್ರಿ, ಒಂದು ಪೆಟಗಿ ಹಳೇ ಮನ್ಯಾಗ ಉಳೀತು. ಕಳವಾಗಿಲ್ಲ ದಾನೇಶ್ವರಿ, ಉಳದೈತಿ” ಅಂದ್ರು.

ನಾ ಬಿಡಲಿಲ್ಲ. ಯಾರಾದ್ರೂ ಬೇಕಂತ ತಗದಿರಬಹುದಲ್ರಿ ಅಂದೆ. ಬೇಕಂತ ತಗದಾಂವ ಹಳೇ ಕರ್ನಲ್ಲಿನ್ಯಾಗ ಡ್ರೈವರ್ ಯಾಕ ಬಿಡತಾನ ಅಂದ್ರು. ಚಾಲೂ ಆಗೂ ಮುಂದ ಪಟ್ಟಿ ತರಿಸಿ ಹಳೇ ಕರ್ನಲ್ ಆರಿಸಿದ್ರು. ಪರಮಾನಂದ ಫೋನಿನ್ಯಾಗ ಹೇಳಿದ್ದೂ ಅದನ್ನ. ಡ್ರೈವರ್ ಎದ್ದು ಕುಂತಿತು. ಡ್ರೈವರ್ ಕಟ್ಟೂ ಮೂಲ ಸಾಮಾನೆಲ್ಲಾ ಅಂವ ಕಂಪ್ಯೂಟರಿನ್ಯಾಗ ಜೋಡಿಸಿ ಇಟ್ಟಿದ್ದ, ಅದನ್ನ ತಗೊಂಡು ಟೀಚರ್ ಹೊಸಾ ಕರ್ನಲ್ಲಿಗೂ ಒಂದು ಕಟ್ಟಿ ಕೊಟ್ರು. ಇನ್ನ ಮುಂದ ಕರ್ನಲ್ ಬದಲಾದ್ರ ಡ್ರೈವರೂ ತಾನ ಕಟ್ಟಿಕೊಳ್ಳೂಹಂಗ ಮಾಡ್ಯಾರ. ಬಟಾಟಿ ಪಲ್ಲೆ ಚಪಾತಿ ಉಣ್ಣಿಸಿ ಕಳಿಸಿದ್ರು, ರೊಕ್ಕದ ಮಾತ ಆಡಿಸಿಗೊಡಲಿಲ್ಲ.

ಸಂಜಿಗೆ ಊರಿಗೆ ಬಂದು ಕುಂಡ್ರಿಸಿದೆ. ಚೀಟಿ ಮ್ಯಾಲ ತೂಕ ಬಂತು, ಪೆಟಗಿ ಅಂಕಿಗೆ ಕೂಡಿತು. ಆದ್ರ ಅಪ್ಪಾ, ಕಾಟಾ ಸರಿ ಮಾಡೂದು ಹಗರ ಇತ್ತು, ಮಂದಿಗೆ ಹೇಳೂದು ಜಡ ಆತು. ಪರಮಾನಂದ ಮಾಡ್ಯಾನ ಅಂದಿದ್ರ ಎಲ್ಲಾರೂ ನಂಬತಿದ್ರು, ಕಾರ್ಖಾನ್ಯಾವರು ಅಂದಿದ್ರೂ ನಂಬತಿದ್ರು. ಯಾರೂ ಮಾಡಿಲ್ಲ ಅಂದ್ರ ಒಬ್ಬರೂ ನಂಬಲಿಲ್ಲ. ಯಾರೂ ಮಾಡದ ಹೆಂಗ ಆಗತೈತಿ ಅಂತ ಗೂಳಪ್ಪ ಕಾಕಾ ಅದನ್ನ ತಿರುಗ್ಯಾಡಿಸಿ ಕೇಳಿದ. ನಾ ಹಣಮಪ್ಪನ ಟ್ರ್ಯಾಕ್ಟರ್ ಹಲಗಿ ಮ್ಯಾಲ ನಿಲ್ಲಿಸಿ, ಹೊಸಾ ಡ್ರೈವರ್ ತಗದಿಟ್ಟು ಹೊಸಾ ಕರ್ನಲ್ಲಿನ್ಯಾಗ ಚಾಲೂ ಮಾಡಿ ಸೊನ್ನಿ ತೋರಿಸಿದೆ. ಹಳೇದರಾಗ ಚಾಲೂ ಮಾಡಿ ತೂಕ ತೋರಿಸಿದೆ. ಡ್ರೈವರ್ ಹೊಳ್ಳಿ ಹಾಕಿ ಹೊಸಾದರಾಗೂ ತೂಕ ತೋರಿಸಿದೆ. ಕಾಕಾ ಕೀಲಿ ಮತ್ತ ಕೇಳಲಿಲ್ಲ, ಆದ್ರ, “ಮಿಶನ್ ಸುದ್ದಿ ಆತು. ಹುಡುಗನ ಸುದ್ದಿ ನಿಮ್ಮಪ್ಪ ಗಿರಿಮಲ್ಲಪ್ಪ ಬಂದ ಮ್ಯಾಲ ಮಾತಾಡೂಣು” ಅಂದ. ನೀ ಬಂದ ಕೂಡಲೆ ನಿನ್ನ ಹಂತೇಕ ಬರ್ತಾನ, ಈಗ ಹೇಳಿರತೇನಿ.

ಶುಕ್ರವಾರ ಸಾಹೇಬ್ರು ಬಂದ್ರು. ನಮ್ಮ ಕಾಟಾಕ್ಕ ಮುದ್ರಿ ಹಾಕಿ, ಸರಿ ಐತಿ ಅಂತ ಬರದು ಕೊಟ್ರು. ನಮ್ಮಲ್ಲಿ ತೂಗಿದ ಅದ ಟ್ರ್ಯಾಕ್ಟರ್ ಕಾರ್ಖಾನಿಗೆ ಒಯ್ದು ತೂಗಿದಾಗ ಅಲ್ಲೂ ತೂಕ ಕೂಡಿತು. ಸಾಹೇಬ್ರು ಬಾಜೂಕ ನಿಂತಾಗ ಎಲ್ಲಾ ಕಾಟಾನೂ ಹರಿಶ್ಚಂದ್ರನ ಅಂತ ಹಣಮಪ್ಪ ಅಂದ. ನನಗ ಗೊತ್ತಿಲ್ಲ. ಆದ್ರ ಇನ್ನ ಮ್ಯಾಲ ಮುದ್ರಿ ಇದ್ದ ಚೀಟಿ ನಮ್ಮ ಕೈಯಾಗ ಇರತೈತಿ, ದಿನಾ ಕೂಡಿಸಿ ನೋಡಾಕ ಬರತೈತಿ. ನೀ ಬೇಡಿದ್ದು ಅದನ್ನ ಅಲ್ಲೇನು?

ಇಷ್ಟಾದ್ರೂ ಒಂದು ಮಾತು ನನ್ನ ತಲ್ಯಾಗಿಂದ ಹೋಗಲಿಲ್ಲ. ಮಿಶನ್ ತನ್ನಷ್ಟಕ್ಕ ಕೆಟ್ಟಿತು, ಸರಿ. ಹಂಗಾರ ಸೋಮವಾರ ಪರಮಾನಂದ ಕಳ್ಳನಂಗ ಯಾಕ ಕುಂತಿದ್ದ? ನಿನ್ನಿ ಅವ್ವಗ ಔಷಧಿ ತರತೇನಿ ಅಂತ ಹೇಳಿ ಮುಧೋಳಕ್ಕ ಹ್ವಾದೆ. ಹೇಳದ ಕೇಳದ ಹೋದ್ರ ಇದ್ದದ್ದು ಇದ್ದಂಗ ಸಿಗತೈತಿ ಅಂತ. ಶನಿವಾರ, ಹಂಗಾಮಿನ ದಿನ, ಅಂವ ಡ್ಯೂಟಿ ಮ್ಯಾಲ ಇರಬೇಕಾದಾಂವ ಮನಿ ಕಟ್ಟಿ ಮ್ಯಾಲ ಕುಂತು ಅವರವ್ವ ಮಾಮಿಗೆ ಬೆಳ್ಳೊಳ್ಳಿ ಸುಲದು ಕೊಡಾಕತ್ತಿದ್ದ. ನನ್ನ ನೋಡಿ ಎದ್ದ, ಒಳಗ ಕರೀಲಿಲ್ಲ, ಹಿತ್ತಲಕ್ಕ ಕರಕೊಂಡು ಹ್ವಾದ. ನಾ ಕುಂಡ್ರದನ ಕೇಳಿದೆ, ಸೋಮವಾರ ಏನ ಮಾಡಾಕ ಬಂದಿದ್ದಿ, ಖರೆ ಹೇಳು ಅಂತ.

ಅವತ್ತ ಮುಂಜಾನಿ ಕಾರ್ಖಾನಿ ಕಾಟಾದ ಮ್ಯಾಲಿನ ಸೂಪರ್ವೈಜರ್ ಇವನನ್ನ ಬಾಜೂಕ ಕರದು, ಆ ಊರಿನ ಕಾಟಾ ನೀನ ಕಟ್ಟಿದ್ದಲ್ಲ, ಶುಕ್ರವಾರತನಕ ಅದು ಮಲಗೂಹಂಗ ಮಾಡು, ನಿನ್ನ ನೌಕರಿ ಕಾಯಂ ಮಾಡಿಸತೇನಿ ಅಂದ್ನಂತ. ಇಂವ ಒಲ್ಲೆ ಅಂದು ಸೀದಾ ನಮ್ಮೂರಿಗೆ ಬಂದಾನ. ಹೇಳಬೇಕಂದ್ರ ಖೋಲಿ ತುಂಬ ಮಂದಿ. ಹೇಳಿದ್ರ ಆ ಗಳಿಗಿಗೇನ ಟ್ರ್ಯಾಕ್ಟರ್ ಹತ್ತಿ ಕಾರ್ಖಾನಿ ಗೇಟಿಗೆ ಹೊಡದಾಟಕ್ಕ ಹೊಂಡತಿದ್ರು ಅಂದ. ಯಾರರ ಮಿಶನ್ನಿಗೆ ಕೈ ಹಚ್ಚ್ಯಾರೇನೋ ನೋಡೂಣು ಅಂತ ಕುಂತಾಗ ಹೊಸಾ ಕರ್ನಲ್ ಬಂದಿದ್ದು ಕಂಡೈತಿ. ಬಂದ್ ಮಾಡಿದ್ರ ಡ್ರೈವರ್ ಸಿಗೂದಿಲ್ಲ ಅಂತ ಅವಾಗ ತಿಳದು, ಸಾಮಾನು ಜೋಡಿಸಿಟ್ಟು, ಬಂದ್ ಮಾಡಬ್ಯಾಡ ಅಂತ ಹೇಳಿ ಹೋಗ್ಯಾನ. ನಾ ಅದನ್ನ ಕೇಳಿದ್ದು ಬ್ಯಾರೆ ಕಿವೀಲೆ. ಶುಕ್ರವಾರ ಸಾಹೇಬ್ರು ಹೋದ ಮ್ಯಾಲ ಅವನನ್ನ ಕರದು, ನಾಳಿಂದ ಬರಬ್ಯಾಡ ಅಂದಾರ.

ಮುಧೋಳ ಬಸ್‌ಸ್ಟ್ಯಾಂಡಿನ್ಯಾಗ ಕುಂತು ಇದೂ ಸುಳ್ಳಿರಬಹುದೇನು ಅಂತ ವಿಚಾರ ಮಾಡಿದೆ. ನನ್ನ ಬುದ್ಧಿ ಹಂಗ ಐತಿ, ನಿನಗ ಗೊತ್ತೈತಿ. ಸುಳ್ಳಾಗಿದ್ರ ನೌಕರಿ ಉಳೀತಿತ್ತು, ಕಟ್ಟಿ ಮ್ಯಾಲ ಕುಂತು ಬೆಳ್ಳೊಳ್ಳಿ ಸುಲಿತಿದ್ದಿಲ್ಲ. ಅಷ್ಟ ಸಾಕಾತು ನನಗ. ಊರಾಗ ಇನ್ನೂ ಯಾರಿಗೂ ಹೇಳಿಲ್ಲ. ನೀ ಬಂದು, ಯಾರ ಮುಂದ ಎಷ್ಟು ಹೇಳಬೇಕು ಅಂತ ನೀನ ಹೇಳು. ಅಲ್ಲೀತನಕ ಗೂಳಪ್ಪ ಕಾಕಾ ಫೋನ್ ಮಾಡಿದ್ರ ಕಿವಿ ಕೇಳಸೂದಿಲ್ಲ ಅನ್ನು, ಅದೊಂದು ನಿನಗ ಸುಳ್ಳಲ್ಲ.

ಕಣ್ಣಿಗೆ ನೀರು ತಾಗಿಸಬ್ಯಾಡ. ತಲಿ ಎತ್ತಬ್ಯಾಡ. ಅವ್ವ ನೀ ಬರೂ ದಾರಿ ನೋಡಾಕತ್ತಾಳ, ಬಾಯಿ ಬಿಟ್ಟು ಹೇಳೂದಿಲ್ಲ ಅಷ್ಟ. ಬಸವಣ್ಣ ನಿನ್ನ ಕಣ್ಣಿನ ಬೆಳಕು ಕಾಯಲಿ. ಕಾವ್ಯಾಗ ನನ್ನ ಆಶೀರ್ವಾದ.

ನಿನ್ನ ಮಗಳು,
ದಾನೇಶ್ವರಿ

ತಾ.ಕ.: ಅಂಟು ಹಚ್ಚೂ ಮುಂದ ಬರದೇನಿ. ಕಾವ್ಯಾ, ಇದು ನಿನಗ, ಅಪ್ಪಗ ಓದೂಕಿಂತ ಮೊದಲ ನೀ ಒಮ್ಮೆ ಓದಕೋ. ನಾ ಹೊಂಟಾಗ ಪರಮಾನಂದ ಬಾಗಲತನಕ ಬಂದು, “ನನಗ ಈಗ ನೌಕರಿ ಇಲ್ಲ, ಊರಾಗ ಹೆಸರೂ ಕೆಟ್ಟೈತಿ. ಕಾವ್ಯಾಗ ನಾನ ಫೋನ್ ಮಾಡಿ ಈ ಸಂಬಂಧ ಬ್ಯಾಡ ಅಂತೇನಿ, ಬ್ಯಾರೆ ಏನಾರ ನೆವ ಹೇಳತೇನಿ. ನೀ ಆಕಿಗೆ ಏನೂ ಹೇಳಬ್ಯಾಡ” ಅಂತ ನನ್ನ ಕಡಿಂದ ಆಣಿ ತಗೊಂಡಾನ. ಹೇಳೂದಿಲ್ಲ ಅಂತ ನಾ ಆಣಿ ಮಾಡೇನಿ, ಬರಿಯೂದಿಲ್ಲ ಅಂತ ಮಾಡಿಲ್ಲ. ಅವನ ಫೋನ್ ಬಂದ್ರ ಎತ್ತು, ಏನ ನೆವ ಹೇಳಿದ್ರೂ ನಂಬಬ್ಯಾಡ.